ದಾವಣಗೆರೆಯ ಕಾರು ಬೆಂಗಳೂರಿಗೆ ಹೋದರೆ ವಿಮೆ ಎಷ್ಟು ಏರುತ್ತದೆ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಶಾಲಾ ಶಿಕ್ಷಕಿ. 2020ರಲ್ಲಿ ಕೊಂಡ 1,197 ಸಿಸಿ ಪೆಟ್ರೋಲ್ ಕಾರು ನನ್ನ ಹೆಸರಿನಲ್ಲಿದೆ. ಇದುವರೆಗೆ ಒಂದೂ ಕ್ಲೇಮು ಮಾಡಿಲ್ಲ. 22 ವರ್ಷದ ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ಇದೇ ಕಾರನ್ನು ಅವನಿಗೆ ಕೊಟ್ಟು ಕಳಿಸುವುದೋ, ಅಲ್ಲೇ ಅವನ ಹೆಸರಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಡಿಸುವುದೋ ತಿಳಿಯುತ್ತಿಲ್ಲ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ತಮ್ಮ, "ಹುಡುಗರು ಓಡಿಸಿದರೆ ವಿಮೆ ದುಪ್ಪಟ್ಟಾಗುತ್ತದೆ, ಬಡಾವಣೆ ಬದಲಾದರೂ ದರ ಬದಲಾಗುತ್ತದೆ" ಎನ್ನುತ್ತಾನೆ. ಏಜೆಂಟರು, "ಬೆಂಗಳೂರಿನ ಸುದ್ದಿಯನ್ನೇ ಎತ್ತಬೇಡಿ, ಎಲ್ಲ ದಾವಣಗೆರೆ ಎಂದೇ ಇರಲಿ" ಎನ್ನುತ್ತಾರೆ. ಯಾರ ಮಾತು ಸರಿ?

ಉತ್ತರ: ನಿಮ್ಮ ತಮ್ಮನ ಮಾತು ಅವರಿರುವ ದೇಶಕ್ಕೆ ಸರಿ. ಏಜೆಂಟರ ಮಾತು ಯಾವ ಊರಿಗೂ ಸರಿಯಲ್ಲ.

ಅಮೆರಿಕದಲ್ಲಿ ವಿಮೆ ಮುಖ್ಯವಾಗಿ ಓಡಿಸುವವರನ್ನು ನೋಡುತ್ತದೆ. ಮನೆಯಲ್ಲಿ ಲೈಸೆನ್ಸ್ ಇರುವವರ ಹೆಸರೆಲ್ಲ ಪಾಲಿಸಿಯಲ್ಲಿ ಬರುತ್ತದೆ, ಹೊಸದಾಗಿ ಕಲಿತ ಹುಡುಗನ ಹೆಸರು ಸೇರಿದ ಕೂಡಲೇ ಬಿಲ್ ಮೇಲೇರುತ್ತದೆ. ಅಲ್ಲಿಯೂ ರಾಜ್ಯಕ್ಕೊಂದು ಕಾನೂನು. ಕ್ಯಾಲಿಫೋರ್ನಿಯಾದ ಮತದಾರರು 1988ರಲ್ಲಿ ಒಪ್ಪಿದ 103ನೇ ಪ್ರಸ್ತಾವದಂತೆ ಚಾಲನೆಯ ದಾಖಲೆ, ವರ್ಷಕ್ಕೆ ಓಡಿಸುವ ಮೈಲಿ, ಚಾಲನಾ ಅನುಭವದ ವರ್ಷಗಳು ಮೊದಲ ಮೂರು ಅಂಶಗಳಾಗಬೇಕು. ವಾಸದ ಬಡಾವಣೆ ಅವುಗಳ ನಂತರ. ಹವಾಯಿಯಲ್ಲಂತೂ ವಯಸ್ಸು ನೋಡಿ ದರ ನಿಗದಿ ಮಾಡುವಂತೆಯೇ ಇಲ್ಲ. ನಮ್ಮ ದೇಶದ ಪಾಲಿಸಿ ಕಾರಿನ ಮೇಲೆ ನಿಂತಿದೆ. ಅದರ ಚಾಲಕ ಷರತ್ತನ್ನು ಓದಿ: ಅಪಘಾತದ ಹೊತ್ತಿನಲ್ಲಿ ಚಾಲ್ತಿಯಲ್ಲಿರುವ ಲೈಸೆನ್ಸ್ ಹೊಂದಿದ್ದು, ಚಾಲನೆಗೆ ಅನರ್ಹಗೊಂಡಿರದ ಯಾರು ಬೇಕಾದರೂ ಓಡಿಸಬಹುದು. 52ರ ಅಮ್ಮ ಓಡಿಸಿದರೂ 22ರ ಮಗ ಓಡಿಸಿದರೂ ಆ ಪಾಲಿಸಿಗೆ ಒಂದೇ. ಕೆಲವು ಕಂಪನಿಗಳು ಮಾಲೀಕರ ವಯಸ್ಸು, ವೃತ್ತಿ ಕೇಳುವುದುಂಟು. ಅದರಿಂದ ರಿಯಾಯಿತಿಯಲ್ಲಿ ಸ್ವಲ್ಪ ಏರುಪೇರಾದೀತು, ಅಷ್ಟೇ.

ಹಾಗಾದರೆ ಊರಿಗೆ ಬೆಲೆಯೇ ಇಲ್ಲವೇ? ಇದೆ, ಆದರೆ ಜನ ಹೆದರುವಷ್ಟಿಲ್ಲ. ಪ್ರೀಮಿಯಂನಲ್ಲಿ ಎರಡು ಭಾಗಗಳಿವೆ. ನಮ್ಮ ಕಾರಿನಿಂದ ಬೇರೆಯವರಿಗಾಗುವ ಹಾನಿ ತುಂಬುವ ಥರ್ಡ್ ಪಾರ್ಟಿ ಭಾಗದ ದರವನ್ನು ಕೇಂದ್ರ ಸರ್ಕಾರ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ನಿಯಮಗಳಲ್ಲಿ 1,000 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1,000ದಿಂದ 1,500 ಸಿಸಿಗೆ 3,416, ಅದಕ್ಕೂ ಮೇಲಿನದಕ್ಕೆ 7,897 ರೂಪಾಯಿ. ನಿಮ್ಮ ಕಾರು ನಡುವಿನ ವರ್ಗದ್ದು. ದಾವಣಗೆರೆಯಾಗಲಿ, ಬೆಂಗಳೂರಾಗಲಿ, ಬೀದರಾಗಲಿ, ಮೊತ್ತ ಅದೇ. ಇಲ್ಲಿ ಏಜೆಂಟರಿಗೆ ಚೌಕಾಸಿ ಮಾಡಲು ಜಾಗವೇ ಇಲ್ಲ.

ಎರಡನೆಯದು ನಮ್ಮ ಕಾರಿಗಾಗುವ ನಷ್ಟ ತುಂಬುವ ಓನ್ ಡ್ಯಾಮೇಜ್ ಭಾಗ. ಊರು ಲೆಕ್ಕಕ್ಕೆ ಬರುವುದು ಇಲ್ಲಿ. 2002ರ ಅಖಿಲ ಭಾರತ ಮೋಟಾರು ದರಪಟ್ಟಿ ದೇಶವನ್ನು ಎರಡು ವಲಯ ಮಾಡಿತ್ತು. ಅಹಮದಾಬಾದ್, ಬೆಂಗಳೂರು, ಚೆನ್ನೈ, ಹೈದರಾಬಾದ್, ಕೋಲ್ಕತ್ತ, ಮುಂಬೈ, ನವದೆಹಲಿ, ಪುಣೆ ಈ ಎಂಟು 'ಎ' ವಲಯ; ಉಳಿದ ದೇಶವೆಲ್ಲ 'ಬಿ'. ಮೈಸೂರು, ಮಂಗಳೂರು, ಹುಬ್ಬಳ್ಳಿ, ದಾವಣಗೆರೆ ಎಲ್ಲವೂ 'ಬಿ' ವಲಯದವು. 2007ರ ಜನವರಿ 1ರಿಂದ ಈ ಭಾಗದ ದರದ ಮೇಲಿನ ನಿಯಂತ್ರಣ ಹೋಯಿತು. ಆದರೂ ಕಂಪನಿಗಳು ಹಳೆಯ ಪಟ್ಟಿಯನ್ನೇ ಅಡಿಪಾಯ ಮಾಡಿಕೊಂಡು ಅದರ ಮೇಲೆ ರಿಯಾಯಿತಿ ಕೊಡುತ್ತಾ ಬಂದಿವೆ. ವಲಯ ಗೊತ್ತಾಗುವುದು ಕಾರು ನೋಂದಣಿಯಾದ ಆರ್‌ಟಿಓ ಕಚೇರಿಯಿಂದ. ರಾತ್ರಿ ಅದನ್ನು ಯಾವ ರಸ್ತೆಯಲ್ಲಿ ನಿಲ್ಲಿಸುತ್ತೀರಿ ಎಂಬುದರಿಂದಲ್ಲ.

ನಿಮ್ಮ ಕಾರಿನ ಐಡಿವಿ, ಅಂದರೆ ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಕಂಪನಿ ಕಟ್ಟಿಕೊಡುವ ಮೌಲ್ಯ, 4 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಐದು ವರ್ಷ ದಾಟಿ ಹತ್ತು ವರ್ಷದೊಳಗಿರುವ, 1,000ದಿಂದ 1,500 ಸಿಸಿಯ ಕಾರಿಗೆ ಹಳೆಯ ಪಟ್ಟಿಯಲ್ಲಿ 'ಎ' ವಲಯದ ದರ ಶೇ 3.447, 'ಬಿ' ವಲಯದ್ದು ಶೇ 3.351. ಗುಣಿಸಿದರೆ ಬೆಂಗಳೂರಿನ ನೋಂದಣಿಗೆ 13,788 ರೂಪಾಯಿ, ದಾವಣಗೆರೆಯ ನೋಂದಣಿಗೆ 13,404. ವ್ಯತ್ಯಾಸ 384 ರೂಪಾಯಿ. ನಿಮಗೆ ಶೇ 50 ಎನ್‌ಸಿಬಿ, ಅಂದರೆ ಕ್ಲೇಮು ಮಾಡದವರಿಗೆ ಸಿಗುವ ನೋ ಕ್ಲೇಮ್ ಬೋನಸ್ ರಿಯಾಯಿತಿ, ಇರುವುದರಿಂದ ಅದು ಇನ್ನೂ ಅರ್ಧಕ್ಕಿಳಿದು 192 ಆಗುತ್ತದೆ. ಕಂಪನಿಯ ರಿಯಾಯಿತಿ ಕಳೆದರೆ ಅದೂ ಕರಗುತ್ತದೆ. ಮೇಲೆ ಶೇ 18 ಜಿಎಸ್‌ಟಿ ಸೇರಿಸಿಕೊಳ್ಳಿ. ಇಷ್ಟು ಹಣಕ್ಕಾಗಿ ನಿಮ್ಮ ಏಜೆಂಟರು ಸುಳ್ಳು ಹೇಳಿಸಲು ಹೊರಟಿದ್ದಾರೆ. ಅದೂ ಸುಮ್ಮನೆ, ಏಕೆಂದರೆ ನಿಮ್ಮ ಆರ್‌ಸಿಯಲ್ಲಿ ಕೆಎ-17 ಎಂದೇ ಇದೆ. ಮಗ ಅದನ್ನು ಬೆಂಗಳೂರಿಗೆ ಒಯ್ದ ಮಾತ್ರಕ್ಕೆ ಆ ಸಂಖ್ಯೆ ಬದಲಾಗುವುದಿಲ್ಲ. ರಾಜ್ಯದೊಳಗೇ ಇರುವುದರಿಂದ ಮತ್ತೆ ರಸ್ತೆ ತೆರಿಗೆಯ ಮಾತೂ ಇಲ್ಲ. ಬಚ್ಚಿಡುವಂಥದ್ದು ಏನೂ ಇಲ್ಲದಿರುವಾಗ ಪ್ರಸ್ತಾವನಾ ಪತ್ರದಲ್ಲಿ ಸುಳ್ಳು ಬರೆದು, ನಾಳೆ ಕ್ಲೇಮಿನ ಹೊತ್ತಿಗೆ ಕಂಪನಿಯ ಕೈಗೆ ನೀವೇ ಒಂದು ನೆಪ ಕೊಟ್ಟಂತಾಗುತ್ತದೆ. ಕಾರು ಹೆಚ್ಚಾಗಿ ಎಲ್ಲಿರುತ್ತದೆ ಎಂದು ಅರ್ಜಿಯಲ್ಲಿ ಕೇಳಿದ್ದರೆ ಬೆಂಗಳೂರು ಎಂದೇ ಬರೆಯಿರಿ.

ಇನ್ನೊಂದು ಸೂಕ್ಷ್ಮವಿದೆ. ದರದ ನಿಯಂತ್ರಣ ಹೋದ ಮೇಲೆ ಪ್ರತಿ ಕಂಪನಿಯೂ ಆರ್‌ಟಿಓವಾರು, ಮಾದರಿವಾರು, ಇಂಧನವಾರು ತನ್ನ ಕ್ಲೇಮಿನ ಅನುಭವ ನೋಡಿ ರಿಯಾಯಿತಿ ಗೊತ್ತುಮಾಡುತ್ತದೆ. ಹಾಗಾಗಿ ಸಣ್ಣ ಊರಿನ ನೋಂದಣಿ ಎಂದರೆ ಯಾವಾಗಲೂ ಅಗ್ಗ ಎನ್ನುವಂತಿಲ್ಲ. ಒಂದೇ ಕಾರಿಗೆ ಎರಡು ಕಂಪನಿಗಳ ನಡುವಿನ ಅಂತರ, ಎರಡು ಊರುಗಳ ನಡುವಿನ ಅಂತರಕ್ಕಿಂತ ದೊಡ್ಡದಿರುವುದೇ ಹೆಚ್ಚು. ದರ ಹೋಲಿಸುವಾಗ ಎಲ್ಲದರಲ್ಲೂ ಐಡಿವಿ ಒಂದೇ ಇರಲಿ. ಐಡಿವಿಯನ್ನು ಐವತ್ತು ಸಾವಿರ ಇಳಿಸಿ, "ನೋಡಿ, ನಮ್ಮದು ಎಷ್ಟು ಕಡಿಮೆ" ಎನ್ನುವುದು ಈ ವ್ಯಾಪಾರದ ಬಹಳ ಹಳೆಯ ಕೈಚಳಕ.

ಈಗ ನಿಜವಾಗಿ ದುಡ್ಡಿರುವ ಜಾಗಕ್ಕೆ ಬರೋಣ. ಅದು ನಿಮ್ಮ ಎನ್‌ಸಿಬಿ. ಕ್ಲೇಮಿಲ್ಲದ ಮೊದಲ ವರ್ಷಕ್ಕೆ ಶೇ 20, ಆಮೇಲೆ 25, 35, 45, ಐದನೆಯ ವರ್ಷಕ್ಕೆ ಶೇ 50. ಅಲ್ಲಿಗೆ ಮೆಟ್ಟಿಲು ಮುಗಿಯಿತು. ನೀವು ಮೇಲಿನ ಮೆಟ್ಟಿಲಿನಲ್ಲಿದ್ದೀರಿ, ಅಂದರೆ ಮೇಲಿನ ಲೆಕ್ಕದ 13,404 ರೂಪಾಯಿಯಲ್ಲಿ 6,702 ಉಳಿಸುತ್ತಿದ್ದೀರಿ. ಈ ಬೋನಸ್ ಮಾಲೀಕರಿಗೆ ಸೇರಿದ್ದು, ಕಾರಿಗಲ್ಲ. ಮಗನ ಹೆಸರಿಗೆ ಕಾರು ವರ್ಗಾಯಿಸಿದರೆ ಅದು ಅವನ ಜೊತೆ ಹೋಗುವುದಿಲ್ಲ, ಅವನು ಸೊನ್ನೆಯಿಂದ ಶುರು ಮಾಡುತ್ತಾನೆ. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಂಡರೂ ಅಷ್ಟೇ, ಮಾರಿದವರ ಎನ್‌ಸಿಬಿ ಮಾರಿದವರ ಬಳಿಯೇ ಉಳಿಯುತ್ತದೆ. ನಮ್ಮಲ್ಲಿ ಹುಡುಗರು ವಿಮೆಗೆ ಹೆಚ್ಚು ಕಟ್ಟುವುದು ಹೀಗೆ. ದರಪಟ್ಟಿಯಲ್ಲಿ ವಯಸ್ಸಿನ ಕಲಮು ಇಲ್ಲ, ಆದರೆ 22ರ ಹುಡುಗನಿಗೆ ಐದು ವರ್ಷದ ಚರಿತ್ರೆ ಎಲ್ಲಿಂದ ಬರಬೇಕು? ಊರಿನ ಬೆಲೆ 384 ರೂಪಾಯಿಯಾದರೆ, ಚರಿತ್ರೆ ಇಲ್ಲದಿರುವುದರ ಬೆಲೆ ಅದರ ಹದಿನೇಳು ಪಟ್ಟು.

ಈ ಬೋನಸ್ಸನ್ನು ಬೆಂಗಳೂರಿನ ರಸ್ತೆ ತಿಂದುಹಾಕುವುದೂ ಬಹಳ ಸುಲಭ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ ದೊಡ್ಡ ಅಪಘಾತಗಳೇನೂ ಆಗುವುದಿಲ್ಲ. ಸ್ಕೂಟರಿನ ಹ್ಯಾಂಡಲ್ ಬಾಗಿಲನ್ನು ಗೀರುತ್ತದೆ, ಹಿಂದಿನ ಆಟೋ ಬಂಪರಿಗೆ ಮುತ್ತಿಡುತ್ತದೆ. ಬಂಪರ್ ಬದಲಿಸಲು 8,000 ರೂಪಾಯಿ ಬೇಕು ಎಂದುಕೊಳ್ಳಿ. ಅದು ಪ್ಲಾಸ್ಟಿಕ್. ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗಗಳಿಗೆ ಸವಕಳಿ, ಅಂದರೆ ಭಾಗ ಹಳೆಯದಾಗಿದೆ ಎಂದು ಕಂಪನಿ ಕಳೆಯುವ ಮೊತ್ತ, ನೇರವಾಗಿ ಶೇ 50. ಉಳಿದ 4,000ದಲ್ಲಿ, ಪ್ರತಿ ಕ್ಲೇಮಿನಲ್ಲೂ ಮಾಲೀಕರೇ ಭರಿಸಬೇಕಾದ ಕಡ್ಡಾಯ ಕಡಿತ ಎಂದು 1,500 ಸಿಸಿವರೆಗಿನ ಕಾರಿಗೆ 1,000 ಹೋಗುತ್ತದೆ. ಕೈಗೆ ಸಿಗುವುದು 3,000. ಇದಕ್ಕಾಗಿ ಮುಂದಿನ ನವೀಕರಣದಲ್ಲಿ ನೀವು ಕಳೆದುಕೊಳ್ಳುವುದು 6,702. ಅಷ್ಟಕ್ಕೇ ಮುಗಿಯುವುದಿಲ್ಲ. ಸೊನ್ನೆಗೆ ಬಿದ್ದವರು ಮತ್ತೆ 20, 25, 35, 45 ಎಂದು ಹತ್ತಿಕೊಂಡೇ ಬರಬೇಕು. ಐದು ವರ್ಷದಲ್ಲಿ ತಪ್ಪಿದ ರಿಯಾಯಿತಿಗಳನ್ನೆಲ್ಲ ಕೂಡಿಸಿದರೆ ಒಂದು ವರ್ಷದ ಮೂಲ ಪ್ರೀಮಿಯಂನ ಶೇ 125 ಆಗುತ್ತದೆ. ವರ್ಷ ಕಳೆದಂತೆ ಐಡಿವಿ ಇಳಿಯುವುದರಿಂದ ರೂಪಾಯಿಯ ಮೊತ್ತ ಸ್ವಲ್ಪ ಕಡಿಮೆಯಾದೀತು, ಲೆಕ್ಕದ ದಿಕ್ಕಂತೂ ಬದಲಾಗದು. ಮಗನಿಗೆ ಹೇಳಿಡಿ: ಟಿಂಕರಿಂಗ್, ಪೇಂಟಿಂಗ್‌ನಲ್ಲಿ ಮುಗಿಯುವ ಕೆಲಸವಾದರೆ ಮೊದಲು ಅಮ್ಮನಿಗೆ ಫೋನು, ಕಂಪನಿಗೆ ಆಮೇಲೆ. ಶೋರೂಮಿನವರು "ಇನ್ಶೂರೆನ್ಸ್ ಇದೆಯಲ್ಲ ಸಾರ್, ಕ್ಲೇಮು ಹಾಕೋಣ" ಎಂದು ಹುರಿದುಂಬಿಸುತ್ತಾರೆ. ಅವರಿಗೆ ಕೆಲಸ ಸಿಕ್ಕರೆ ಸಾಕು, ನಿಮ್ಮ ಬೋನಸ್ಸಿನ ಚಿಂತೆ ಅವರದ್ದಲ್ಲ.

ಎನ್‌ಸಿಬಿ ಉಳಿಸುವ ಹೆಚ್ಚುವರಿ ಕವರ್ ಸಿಗುತ್ತದೆ. ವರ್ಷಕ್ಕೆ ಎಷ್ಟು ಕ್ಲೇಮಿನವರೆಗೆ ಬೋನಸ್ ಹಾಗೇ ಉಳಿಯುತ್ತದೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಹೊಸಬ ಚಾಲಕ, ಹಳೆಯ ಬೋನಸ್ ಎರಡೂ ಒಟ್ಟಿಗಿರುವ ನಿಮ್ಮಂಥವರಿಗೆ ಹೇಳಿ ಮಾಡಿಸಿದ್ದು ಅದು. ಸವಕಳಿ ಕಡಿತವನ್ನು ತಪ್ಪಿಸುವ ಝೀರೋ ಡೆಪ್ ಕವರ್ ಕೂಡ ಒಳ್ಳೆಯದೇ. ನಿಮ್ಮ ಕಾರಿನ ವಯಸ್ಸಿಗೆ ಲೋಹದ ಭಾಗಕ್ಕೂ ಶೇ 40 ಸವಕಳಿ ಬೀಳುತ್ತದೆ. ಆದರೆ ಐದು ವರ್ಷ ದಾಟಿದ ಕಾರಿಗೆ ಎಲ್ಲ ಕಂಪನಿಗಳೂ ಇದನ್ನು ಕೊಡುವುದಿಲ್ಲ. ಕೊಡುವವರನ್ನು ಹುಡುಕಬೇಕು.

ಈಗ ಮಳೆ. ಕ್ಲೇಮು ಬಂದ ಕಾರುಗಳ ನಷ್ಟ ಅಳೆಯುವ ಮೋಟಾರು ಸರ್ವೇಯರ್ ಆಗಿ ಗ್ಯಾರೇಜು ಸುತ್ತುವ ನನಗೆ ಬೆಂಗಳೂರು ಮತ್ತು ದಾವಣಗೆರೆಯ ನಡುವೆ ದೊಡ್ಡ ವ್ಯತ್ಯಾಸ ಕಾಣುವುದು ಇಲ್ಲೇ, ಮತ್ತು ಇದು ಪ್ರೀಮಿಯಂನಲ್ಲಿ ಕಾಣುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಯ ಕಡೆ ನೀರು ನುಗ್ಗಿ, ಕೋಟಿ ಬೆಲೆಯ ಕಾರುಗಳೂ ಬೇಸ್‌ಮೆಂಟಿನಲ್ಲಿ ಮುಳುಗಿ ಕುಳಿತಿದ್ದವು. ವಲಯದ ಲೆಕ್ಕದಲ್ಲಿ ಎತ್ತರದ ಬಸವನಗುಡಿಯೂ 'ಎ', ಕೆರೆಯಂಗಳದ ಬಡಾವಣೆಯೂ 'ಎ'. ಎರಡೂ ಭಾಗಗಳಿರುವ ಸಮಗ್ರ ಪಾಲಿಸಿಯಲ್ಲಿ ಪ್ರವಾಹದ ನಷ್ಟ ಸೇರಿದೆ, ನಿಜ. ಆದರೆ ನಿಂತ ನೀರಿನಲ್ಲಿ ಆಫ್ ಆದ ಕಾರನ್ನು ಮತ್ತೆ ಸ್ಟಾರ್ಟ್ ಮಾಡಿದರೆ ಎಂಜಿನ್ನಿಗೆ ಆಗುವ ಹಾನಿಯನ್ನು ಕಂಪನಿಗಳು ಪ್ರವಾಹದ ನಷ್ಟ ಎಂದು ಒಪ್ಪುವುದಿಲ್ಲ. ಅದು ಆನಂತರ ಓಡಿಸಿದವರೇ ತಂದುಕೊಂಡ ನಷ್ಟ ಎನ್ನುತ್ತಾರೆ.

"ನಾನು ಕೀಲಿ ಮುಟ್ಟಲೇ ಇಲ್ಲ" ಎಂದು ಎಲ್ಲರೂ ಹೇಳುತ್ತಾರೆ. ಆದರೆ ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದಾಗ ಒಳಗಿನ ಕಾಗದ ತೊಯ್ದು ಮುದ್ದೆಯಾಗಿದ್ದು, ಎಂಜಿನ್ ಇಳಿಸಿದಾಗ ಕನೆಕ್ಟಿಂಗ್ ರಾಡ್ ಬಾಗಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ನೀರನ್ನು ಗಾಳಿಯಂತೆ ಒತ್ತಲು ಬರುವುದಿಲ್ಲ. ಸಿಲಿಂಡರಿನೊಳಗೆ ನೀರಿದ್ದಾಗ ಪಿಸ್ಟನ್ ಮೇಲೇರಲು ಹೋದರೆ ಬಾಗಬೇಕಾದದ್ದು ರಾಡೇ. ಆದ್ದರಿಂದ ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ದಾವಣಗೆರೆಯಲ್ಲಿ ನಿಮಗೆ ಬೇಕಿರಲಿಲ್ಲ, ಬೆಂಗಳೂರಿನಲ್ಲಿ ಮಗನಿಗೆ ಬೇಕು. ಅವನ ಪಿಜಿಯೋ ಅಪಾರ್ಟ್‌ಮೆಂಟೋ ಬೇಸ್‌ಮೆಂಟ್ ಪಾರ್ಕಿಂಗ್ ಇರುವಂಥದ್ದಾದರೆ ಎರಡು ಮಾತಿಲ್ಲ. ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಮರ ಉರುಳಿ ಕಾರು ಜಜ್ಜಿದರೆ ಅದಕ್ಕೆ ಬೇರೆ ಕವರ್ ಬೇಡ, ಸಮಗ್ರ ಪಾಲಿಸಿ ಸಾಕು. ಬರಿಯ ಥರ್ಡ್ ಪಾರ್ಟಿ ಇದ್ದರೆ ಮಾತ್ರ ಒಂದು ಪೈಸೆಯೂ ಬಾರದು.

ಹಳೆ ಕಾರು ಕೊಳ್ಳುವ ಯೋಚನೆ ಇನ್ನೂ ಇದ್ದರೆ ಮುಳುಗಿ ಎದ್ದ ಕಾರುಗಳ ಬಗ್ಗೆ ಎಚ್ಚರವಿರಲಿ. ಸೀಟು ತೊಳೆದು, ಸುಗಂಧ ಚಿಮುಕಿಸಿ ನಿಲ್ಲಿಸಿರುತ್ತಾರೆ. ಸೀಟ್ ಬೆಲ್ಟನ್ನು ಕೊನೆಯ ತನಕ ಪೂರ್ತಿ ಎಳೆದು ನೋಡಿ. ಸುರುಳಿಯ ಒಳಗಿರುವ ಆ ಗೇಣುದ್ದದ ಪಟ್ಟಿಯನ್ನು ತೊಳೆಯಲು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಕೊಂಡಮೇಲೆ ಮಾಲೀಕತ್ವ ವರ್ಗಾವಣೆಯಾದ 14 ದಿನದೊಳಗೆ ಪಾಲಿಸಿಯನ್ನೂ ಮಗನ ಹೆಸರಿಗೆ ಮಾಡಿಸಬೇಕು. ಮಾಡಿಸದಿದ್ದರೂ ಥರ್ಡ್ ಪಾರ್ಟಿ ಭಾಗ ಕಾನೂನಿನ ಬಲದಿಂದ ಹೊಸ ಮಾಲೀಕರ ಜೊತೆ ಬರುತ್ತದೆ. ಓನ್ ಡ್ಯಾಮೇಜ್ ಭಾಗ ಬರುವುದಿಲ್ಲ. ಕಾರು ಒಬ್ಬರದು, ಪಾಲಿಸಿ ಇನ್ನೊಬ್ಬರದು ಎಂಬ ಸ್ಥಿತಿಯಲ್ಲಿ ಗುದ್ದಿಸಿಕೊಂಡವರನ್ನು ಬರಿಗೈಯಲ್ಲಿ ಕಳಿಸಬೇಕಾಗಿ ಬಂದಾಗ ನನಗೇ ಬೇಸರವಾಗುತ್ತದೆ.

ಎಷ್ಟು ಓಡಿಸುತ್ತೀರೋ ಅದಕ್ಕೆ ತಕ್ಕಂತೆ ಪ್ರೀಮಿಯಂ ಕಟ್ಟುವ ಪಾಲಿಸಿಗಳಿಗೆ 2022ರ ಜುಲೈನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಅನುಮತಿ ಕೊಟ್ಟಿತು. ಮಗ ಕಚೇರಿಗೆ ಮೆಟ್ರೋದಲ್ಲಿ ಹೋಗುವವನಾದರೆ ಇದು ಆಕರ್ಷಕವಾಗಿ ಕಾಣುತ್ತದೆ. ಆದರೆ ಅವನು ಊರಿಗೆ ಬರುವುದನ್ನು ಮರೆಯಬೇಡಿ. ಬೆಂಗಳೂರಿನಿಂದ ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ ದಾಟಿ ದಾವಣಗೆರೆಗೆ ಸುಮಾರು 260 ಕಿಲೋಮೀಟರ್. ತಿಂಗಳಿಗೆ ಎರಡು ಸಲ ಬಂದು ಹೋದರೆ ವರ್ಷಕ್ಕೆ 12,000 ಕಿಲೋಮೀಟರ್ ದಾಟುತ್ತದೆ, ಊರೊಳಗಿನ ಓಡಾಟ ಬೇರೆ. ಕಡಿಮೆ ಕಿಲೋಮೀಟರಿನ ಪಾಲಿಸಿ ಕೊಂಡು ನಡುವೆ ಮಿತಿ ಮೀರಿದರೆ ಉಳಿಸಿದ್ದಕ್ಕಿಂತ ತಲೆನೋವೇ ಹೆಚ್ಚು.

ಟ್ರಾಫಿಕ್ ದಂಡದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸಂಚಾರ ನಿಯಮದ ಉಲ್ಲಂಘನೆಗೆ ಅಂಕ ಕೊಟ್ಟು ಪ್ರೀಮಿಯಂಗೆ ಜೋಡಿಸುವ ಕರಡು ಪ್ರಸ್ತಾವವೊಂದು 2021ರ ಜನವರಿಯಲ್ಲಿ ಪ್ರಾಧಿಕಾರದ ಕಾರ್ಯತಂಡದಿಂದ ಬಂದಿತ್ತು. ದೆಹಲಿಯಲ್ಲಿ ಪ್ರಯೋಗ ಮಾಡಿ ನೋಡೋಣ ಎಂಬ ಮಾತೂ ಅದರಲ್ಲಿತ್ತು. ಅಂಥದ್ದು ಜಾರಿಗೆ ಬಂದರೆ ಬೆಂಗಳೂರಿನ ಸಿಗ್ನಲ್ ಕ್ಯಾಮೆರಾಗಳ ಅಡಿಯಲ್ಲಿ ಓಡಾಡುವ ಹುಡುಗರಿಗೇ ಮೊದಲ ಪೆಟ್ಟು.

ನಿಮ್ಮ ಕಾರನ್ನೇ ಕೊಟ್ಟು ಕಳಿಸಿ ಎನ್ನುವುದು ನನ್ನ ಸಲಹೆ. ಮಾಲೀಕರಾಗಿ ನೀವೇ ಉಳಿಯಿರಿ, ಆರ್‌ಸಿ ಮುಟ್ಟಬೇಡಿ. ಇದರಲ್ಲಿ ಒಂದು ಕಂಡಿ ಇದೆ, ಅದನ್ನು ಮುಚ್ಚಲೇಬೇಕು. ಪಾಲಿಸಿಯಲ್ಲಿರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಮಾಲೀಕ-ಚಾಲಕರಿಗೆ, ಅಂದರೆ ಲೈಸೆನ್ಸ್ ಇರುವ ನಿಮಗೆ ಮಾತ್ರ. ಸ್ಟೇರಿಂಗ್ ಹಿಂದೆ ಮಗ ಕುಳಿತಾಗ ಆ ಹಣ ಅವನಿಗಿಲ್ಲ. "ಫುಲ್ ಇನ್ಶೂರೆನ್ಸ್ ಇದೆ" ಎಂದು ನೆಮ್ಮದಿಯಿಂದಿರುವ ಮನೆಗಳಲ್ಲಿ ಇದು ಗೊತ್ತಾಗುವುದು ಬಹಳ ತಡವಾಗಿ. ಅವನ ಹೆಸರಿನಲ್ಲಿ ಬೇರೆಯೇ ಅಪಘಾತ ವಿಮೆ ಮಾಡಿಸಿ. ಎಲ್ಲ ಕಂಪನಿಗಳೂ ಒಂದೇ ಷರತ್ತಿನಲ್ಲಿ ಮಾರಬೇಕಾದ 'ಸರಳ ಸುರಕ್ಷಾ ಬಿಮಾ' 2021ರಿಂದ ಇದೆ, ಎರಡೂವರೆ ಲಕ್ಷದಿಂದ ಒಂದು ಕೋಟಿಯವರೆಗೆ. ಅವನ ಕಚೇರಿಯೇ ಇಂಥ ವಿಮೆ ಮಾಡಿಸಿದೆಯೇ ಎಂದೂ ವಿಚಾರಿಸಿ.

ಅವನ ಲೈಸೆನ್ಸ್ ದಾವಣಗೆರೆಯದ್ದೇ ಆದರೂ ದೇಶವೆಲ್ಲ ನಡೆಯುತ್ತದೆ. ಇನ್ನೂ ಎಲ್ಎಲ್ಆರ್ ಹಂತದಲ್ಲಿದ್ದರೆ ಪಕ್ಕದಲ್ಲಿ ಲೈಸೆನ್ಸ್ ಇರುವ, ಕಲಿಸಬಲ್ಲವರು ಕುಳಿತಿರಬೇಕು, ಹಿಂದೆ ಮುಂದೆ ಎಲ್ ಬೋರ್ಡ್ ಇರಬೇಕು. ತಪ್ಪಿದರೆ ಕಾರಿನ ನಷ್ಟ ಹೋಗಲಿ, ಗಾಯಗೊಂಡವರಿಗೆ ಕಂಪನಿ ಕೊಟ್ಟ ಪರಿಹಾರವನ್ನೂ ಮಾಲೀಕರಿಂದ, ಅಂದರೆ ನಿಮ್ಮಿಂದ ವಸೂಲಿ ಮಾಡಬಹುದು. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ದಾರಿ ಅದು. ಕುಡಿದು ಓಡಿಸಿದಾಗ ಆದ ನಷ್ಟಕ್ಕೂ ಪಾಲಿಸಿ ಇಲ್ಲ.

ಬೆಂಗಳೂರಿಗೇ ಸೇರಿದ ಇನ್ನೊಂದು ಚಾಳಿಯನ್ನೂ ಮಗನ ಕಿವಿಗೆ ಹಾಕಿಡಿ. ಪೆಟ್ರೋಲ್ ಖರ್ಚಾದರೂ ಹುಟ್ಟಲಿ ಎಂದು ಬಿಳಿ ಬೋರ್ಡಿನ ಕಾರಿನಲ್ಲಿ ಆ್ಯಪ್ ಮೂಲಕ ಅಪರಿಚಿತರನ್ನು ಹತ್ತಿಸಿಕೊಂಡು ದುಡ್ಡು ಪಡೆಯುವ, ವಾರಾಂತ್ಯಕ್ಕೆ ಗೆಳೆಯರ ಗೆಳೆಯರಿಗೆ ದಿನಬಾಡಿಗೆಗೆ ಕೊಡುವ ಅಭ್ಯಾಸ ಅಲ್ಲಿನ ಹುಡುಗರಲ್ಲಿದೆ. ಖಾಸಗಿ ಕಾರಿನ ಪಾಲಿಸಿ ಬಾಡಿಗೆಯ ಬಳಕೆಯನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಕ್ಲೇಮು ಬಂದಾಗ ಕಾರಿನಲ್ಲಿ ಯಾರಿದ್ದರು, ಎಲ್ಲಿಗೆ ಹೊರಟಿದ್ದರು ಎಂದು ನಾವು ಕೇಳಿಯೇ ಕೇಳುತ್ತೇವೆ.

ನವೀಕರಣದ ತಾರೀಖನ್ನು ಮಗನಿಗೆ ಬಿಡದೆ ನೀವೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಪಾಲಿಸಿ ಮುಗಿದು 90 ದಿನ ದಾಟಿದರೆ ಕ್ಲೇಮು ಮಾಡದೆಯೇ ಶೇ 50 ಬೋನಸ್ ಹೋಗುತ್ತದೆ. ಒಂದು ದಿನ ತಪ್ಪಿದರೂ ಕಾರಿನ ತಪಾಸಣೆ ಮಾಡಿಸದೆ ಓನ್ ಡ್ಯಾಮೇಜ್ ಭಾಗ ಸಾಮಾನ್ಯವಾಗಿ ಸಿಗುವುದಿಲ್ಲ. ಈ ಸಲ ನವೀಕರಿಸುವಾಗ ಎಂಜಿನ್ ರಕ್ಷಣೆ, ಎನ್‌ಸಿಬಿ ರಕ್ಷಣೆ, ಸಿಕ್ಕರೆ ಝೀರೋ ಡೆಪ್ ಮೂರನ್ನೂ ಸೇರಿಸಿ, ಐಡಿವಿ ಒಂದೇ ಇಟ್ಟು, ಕನಿಷ್ಠ ಮೂರು ಕಂಪನಿಗಳ ದರವನ್ನು ಬರೆಹದಲ್ಲಿ ತರಿಸಿಕೊಳ್ಳಿ. ನಿಮ್ಮ ಏಜೆಂಟರಿಗೂ ಕೇಳಿ, ತರಿಸಿಕೊಡುವುದು ಅವರ ಕೆಲಸವೇ.